ಮಸ್ಕಿಯ ಬಂಡೆ, ಹಳೆ ಲೆನ್ಸು: ಕೈಯಿಂದ ತಿರುಗಿಸುವ ಗಾಜಿನ ಒಂದು ಚರಿತ್ರೆ

1915ರಲ್ಲಿ ಮಸ್ಕಿಯ ದುರ್ಗದ ಗುಡ್ಡದ ಇಳಿಜಾರಿನಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಒಂದು ಬಂಡೆಯ ಮೇಲೆ ಅಕ್ಷರಗಳನ್ನು ಕಂಡ. ಅವನು ಹುಡುಕುತ್ತಿದ್ದದ್ದು ಚಿನ್ನ, ಸಿಕ್ಕಿದ್ದು ಅಶೋಕ. ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ 8 ಸಾಲು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ದಿನದಿಂದ ವಿದ್ವಾಂಸರಿಗೆ 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಬಿರುದಷ್ಟೇ ಗೊತ್ತಿತ್ತು. ಆ ದೊರೆ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಲ್ಲಿ ಹೇಳುತ್ತಿದ್ದರು. ಆ ದೊರೆಯದೇ ಶಾಸನಗಳಲ್ಲಿ 'ಅಶೋಕ' ಎಂಬ ಹೆಸರನ್ನು ಮೊದಲು ತೋರಿಸಿಕೊಟ್ಟದ್ದು ನಮ್ಮ ಮಸ್ಕಿಯ ಬಂಡೆ.

ಈ ಕತೆಯನ್ನು ನಮ್ಮ ಭಾಗದ ಪ್ರತಿ ಶಾಲೆಯ ಮಗುವೂ ಕೇಳಿದೆ. ಇಲ್ಲಿ ಅದನ್ನು ಮತ್ತೆ ಎತ್ತಿದ್ದಕ್ಕೆ ಬೇರೆ ಕಾರಣವಿದೆ. ಶಾಸನ ಬಂಡೆಯ ಮೇಲೆ ಇದ್ದರೆ ಸಾಲದು. ಅದು ಪ್ರತಿಯಾಗಿ, ಚಿತ್ರವಾಗಿ ಊರು ಬಿಟ್ಟು ಹೊರಗೆ ಹೋದಾಗಲೇ ಅದನ್ನು ಓದಲು ಬಲ್ಲವರ ಕಣ್ಣಿಗೆ ಬೀಳುತ್ತದೆ. ಆ ಪ್ರತಿ ಮಾಡುವ ಕೆಲಸದಲ್ಲಿ ಒದ್ದೆ ಕಾಗದದ ಪಡಿಯಚ್ಚಿನ ಜತೆಗೆ ಒಂದೂವರೆ ಶತಮಾನದಿಂದ ನಿಂತಿರುವುದು ಕ್ಯಾಮೆರಾದ ಲೆನ್ಸು. ಇವತ್ತು ಹಳೆಯ, ಕೈಯಿಂದ ಫೋಕಸ್ ಮಾಡುವ ಲೆನ್ಸುಗಳು ಹೊಸ ಡಿಜಿಟಲ್ ಕ್ಯಾಮೆರಾಗಳ ಮೇಲೆ ಮತ್ತೆ ಕೂತಿವೆ. ಇದನ್ನು ಹವ್ಯಾಸಿಗಳ ಖಯಾಲಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಲಿಂಗಸುಗೂರು, ಮಸ್ಕಿ, ಸಿಂಧನೂರಿನಂಥ ತಾಲೂಕುಗಳಲ್ಲಿ ಕೆಲಸ ಮಾಡುವ ಪತ್ರಕರ್ತರಿಗೆ ಇದು ಖಯಾಲಿಗಿಂತ ದೊಡ್ಡ ವಿಷಯ ಎಂಬುದು ಈ ಬರಹದ ವಾದ.

ಮುಚ್ಚಳ ತೆಗೆದು ಎಣಿಸುತ್ತಿದ್ದ ಕಾಲ

ನಮ್ಮ ಸೀಮೆಯ ಕಲ್ಲುಗಳ ಫೋಟೋ ಚರಿತ್ರೆ ಸೈನ್ಯದ ಅಧಿಕಾರಿಗಳಿಂದ ಶುರುವಾಗುತ್ತದೆ. 1855ರಲ್ಲಿ ಬೊಂಬಾಯಿ ಸರಕಾರ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ವಿಜಾಪುರ, ಬಾದಾಮಿ, ಐಹೊಳೆ ಕಡೆಯ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ನಂತರ ಡಾ. ಪಿಗೌ ಎಂಬ ವೈದ್ಯ ಆ ಕೆಲಸ ಮುಂದುವರಿಸಿದ. ಇವರಿಬ್ಬರ ಜತೆಗೆ ಎ.ಸಿ.ಬಿ. ನೀಲ್ ತೆಗೆದ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಾಶನದಿಂದ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಗ್ರಂಥವೊಂದು ಬಂತು. ಅದಕ್ಕೆ ಚರಿತ್ರೆಯ ಭಾಗ ಬರೆದವನು ಮೆಡೋಸ್ ಟೇಲರ್. ಸುರಪುರದ ಹೆಸರಿನೊಂದಿಗೆ ನಾವು ಇಂದಿಗೂ ನೆನೆಯುವ ಅದೇ ಟೇಲರ್. ನಿಜಾಮನ ರಾಜ್ಯದ ಸೇವೆಯಲ್ಲಿದ್ದ ಅವನು ಸುರಪುರ ಸೀಮೆಯ ಬೃಹತ್ ಶಿಲಾ ಸಮಾಧಿಗಳ ಬಗ್ಗೆಯೂ ಬರೆದಿದ್ದ. ಆಗ ಲಿಂಗಸುಗೂರು ಹೈದರಾಬಾದ್ ಕಂಟಿಂಜೆಂಟಿನ ದಂಡು ಪ್ರದೇಶ. ಮುಂದೆ ಅದು ಒಂದು ಜಿಲ್ಲೆಯ ಕೇಂದ್ರವೂ ಆಗಿ, 1905ರಲ್ಲಿ ಆ ಜಿಲ್ಲೆಯೇ ರದ್ದಾಗಿ ರಾಯಚೂರಿಗೆ ಸೇರಿತು.

ಆ ಕಾಲದ ಕ್ಯಾಮೆರಾದಲ್ಲಿ ಶಟರ್ ಇರಲಿಲ್ಲ. ಮರದ ಪೆಟ್ಟಿಗೆ, ಮುಂದೆ ಹಿತ್ತಾಳೆ ಕೊಳವೆಯೊಳಗೆ ಗಾಜು, ಅದರ ಬಾಯಿಗೆ ಮುಚ್ಚಳ. ಮುಚ್ಚಳ ತೆಗೆದು, ನಿಮಿಷಗಟ್ಟಲೆ ಎಣಿಸಿ, ಮತ್ತೆ ಮುಚ್ಚಬೇಕು. ಬೆಳಕು ಹೆಚ್ಚು ಕಡಿಮೆ ಮಾಡಲು ಬೇರೆ ಬೇರೆ ಅಳತೆಯ ತೂತು ಕೊರೆದ ಲೋಹದ ತಗಡುಗಳನ್ನು ಲೆನ್ಸಿನ ಸೀಳಿನಲ್ಲಿ ತೂರಿಸುವ ಪದ್ಧತಿಯನ್ನು 1858ರಲ್ಲಿ ಜಾನ್ ವಾಟರ್‌ಹೌಸ್ ತಂದ. ಇವತ್ತು ಹಳೆ ಲೆನ್ಸಿನ ಮೇಲೆ 2, 2.8, 4, 5.6, 8 ಎಂದು ಕೆತ್ತಿರುವ ಅಪರ್ಚರ್ ಉಂಗುರ ಆ ತಗಡುಗಳ ವಂಶದ್ದೇ. ಸಂಖ್ಯೆ ದೊಡ್ಡದಾದಷ್ಟು ತೂತು ಚಿಕ್ಕದು, ಒಳಗೆ ಬರುವ ಬೆಳಕು ಕಡಿಮೆ, ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು.

ಈ ನಿಧಾನದ ಕೆಲಸ ಏನು ಕೊಟ್ಟಿತು ಎಂಬುದಕ್ಕೆ ಹಂಪಿಯೇ ಸಾಕ್ಷಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಸುಮಾರು 60 ಚಿತ್ರ ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರ ಅವುಗಳಲ್ಲಿ ಒಂದು. ಅದರಲ್ಲಿ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ! ಇವತ್ತು ಹೋಗಿ ನೋಡಿ, ಶಿಖರವಿಲ್ಲ. ನೋಟಿನ ಮೇಲೆ ಅಚ್ಚಾಗಿರುವ ರಥಕ್ಕೂ ಶಿಖರವಿಲ್ಲ. ಆ ಒಂದು ಚಿತ್ರ ಇಲ್ಲದಿದ್ದರೆ ಅದು ಹೇಗಿತ್ತು ಎಂಬುದು ನಮಗೆ ಕಣ್ಣಿಗೆ ಕಟ್ಟುತ್ತಿರಲಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ಕ್ಯಾಮೆರಾ ಇಟ್ಟು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿದ್ದದ್ದು, ಉಳಿದದ್ದು, ದುರಸ್ತಿಯಾದದ್ದು ಎಲ್ಲ ಕಾಣುತ್ತದೆ.

ಗ್ರೀನ್‌ಲಾ ಶಿಖರವನ್ನು ಉಳಿಸಲಿಲ್ಲ, ಉಳಿಸುವ ಉದ್ದೇಶವೂ ಅವನಿಗಿರಲಿಲ್ಲ. ಅವನು ಮಾಡಿದ್ದು ಇಷ್ಟೆ: ಸರಿಯಾಗಿ ಫೋಕಸ್ ಮಾಡಿ, ಅಲುಗಾಡದಂತೆ ನಿಲ್ಲಿಸಿ, ಚಿತ್ರ ತೆಗೆದ. ಉಳಿದದ್ದನ್ನು ಕಾಲ ಮಾಡಿತು.

ಲೆನ್ಸುಗಳು ನಮ್ಮೂರಿಗೆ ಬಂದ ದಾರಿ

ಈಗ ಹಳೆ ಲೆನ್ಸು ಎಂದರೆ ಯಾರೂ ಹಿತ್ತಾಳೆ ಕೊಳವೆಯನ್ನು ನೆನೆಯುವುದಿಲ್ಲ. 1950ರಿಂದ 1980ರ ದಶಕದವರೆಗೆ ತಯಾರಾದ 35 ಎಂಎಂ ಕ್ಯಾಮೆರಾದ ಲೆನ್ಸುಗಳು ಎಂದೇ ಅರ್ಥ. ಇವುಗಳಲ್ಲಿ ದೊಡ್ಡ ಕುಟುಂಬ ಎಂ42. 42 ಮಿಲಿಮೀಟರ್ ಅಗಲದ ತಿರುಪು, ಬಾಟಲಿಯ ಮುಚ್ಚಳದಂತೆ ತಿರುಗಿಸಿ ಕೂರಿಸುವುದು. 1949ರಲ್ಲಿ ಪೂರ್ವ ಜರ್ಮನಿಯ ಡ್ರೆಸ್ಡೆನ್‌ನ ಕ್ಯಾಮೆರಾಗಳಲ್ಲಿ ಬಂದ ಈ ತಿರುಪನ್ನು 1957ರಲ್ಲಿ ಜಪಾನಿನ ಅಸಾಹಿ ಪೆಂಟ್ಯಾಕ್ಸ್ ತೆಗೆದುಕೊಂಡಿತು, ಸೋವಿಯತ್ ಒಕ್ಕೂಟದ ಜೆನಿಟ್ ಕೂಡ ತೆಗೆದುಕೊಂಡಿತು. ಹೀಗಾಗಿ ಒಂದು ದೇಶದ ಲೆನ್ಸು ಇನ್ನೊಂದು ದೇಶದ ಕ್ಯಾಮೆರಾಕ್ಕೆ ಕೂರುತ್ತಿತ್ತು. ರಾಜಕೀಯದಲ್ಲಿ ಶೀತಲ ಸಮರ ನಡೆದಾಗಲೂ ತಿರುಪಿನಲ್ಲಿ ಮಾತ್ರ ಒಪ್ಪಂದ.

ಜೆನಿಟ್ ಜತೆ ಬರುತ್ತಿದ್ದ ಹೀಲಿಯೋಸ್-44, 58 ಎಂಎಂ ಎಫ್/2 ಲೆನ್ಸು ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ವಿನ್ಯಾಸದ ಪ್ರತಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯೇನಾ ನಗರದ ಝೈಸ್ ಕಾರ್ಖಾನೆಯ ಯಂತ್ರಗಳು, ನಕ್ಷೆಗಳು, ತಂತ್ರಜ್ಞರು ರಷ್ಯಕ್ಕೆ ಹೋದದ್ದರ ಫಲ ಅದು. ಭಾರತ ಮತ್ತು ಸೋವಿಯತ್ ನಡುವಿನ ವ್ಯಾಪಾರ ಡಾಲರ್ ಬದಲು ರೂಪಾಯಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ರಷ್ಯದ ಪುಸ್ತಕ, ಟ್ರ್ಯಾಕ್ಟರುಗಳಂತೆ ಕ್ಯಾಮೆರಾಗಳೂ ಇಲ್ಲಿಗೆ ಬಂದವು. ಜಪಾನಿನ ಮಾಲು ದುಬಾರಿ ಆಮದು ಸುಂಕದ ಬೇಲಿ ದಾಟಿ ಬರಬೇಕಿತ್ತು. ಗಲ್ಫಿಗೆ ದುಡಿಯಲು ಹೋದವರ ಪೆಟ್ಟಿಗೆಯಲ್ಲೂ ಬರುತ್ತಿತ್ತು.

ತಾಲೂಕು ಕೇಂದ್ರದ ಸ್ಟುಡಿಯೋಗಳ ಕತೆ ಇನ್ನೊಂದು ಬಗೆ. ಅಲ್ಲಿ ಬಹುಕಾಲ ಯಾಶಿಕಾದಂಥ ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾದ್ದೇ ರಾಜ್ಯ. 120 ಅಳತೆಯ ರೀಲಿಗೆ 12 ಚಿತ್ರ. ಮದುವೆಗೆ ಎರಡು ರೀಲು ಎಂದರೆ 24 ಚಿತ್ರ, ಒಂದೂ ಹಾಳಾಗುವಂತಿಲ್ಲ. ಮೇಲಿನಿಂದ ಬಗ್ಗಿ ನೋಡಿ, ಗುಂಡಿ ತಿರುಗಿಸಿ ಫೋಕಸ್ ಮಾಡಿ, 'ನಗ್ರಿ' ಎನ್ನುವುದು. ಆ ರೀಲುಗಳಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಕೂಡ ಒಂದು. ಸರಕಾರದ ಆ ಕಾರ್ಖಾನೆಯೂ ರೀಲಿನ ಜತೆಗೇ ಮುಳುಗಿತು. ಕಪ್ಪು-ಬಿಳುಪು ಹೋಗಿ ಕಲರ್ ಬಂದು, 36 ಚಿತ್ರದ ರೀಲು ಬಂದು, ಆಮೇಲೆ ಡಿಜಿಟಲ್ ಬಂದಾಗ ಕತ್ತಲೆ ಕೋಣೆಗೆ ಬೀಗ ಬಿತ್ತು. ಅದರ ಜತೆ ಅನೇಕ ಒಳ್ಳೆಯ ಗಾಜುಗಳು ಕಪಾಟಿನ ಮೇಲೆ ಹೋದವು, ಕೆಲವು ಗುಜರಿಗೆ ಹೋದವು.

ಮೈಸೂರಿನ ಟಿ.ಎಸ್. ಸತ್ಯನ್, ನಮ್ಮ ಪಕ್ಕದ ಸಂಡೂರಿನ ಎಂ.ವೈ. ಘೋರ್ಪಡೆ ಅವರ ಹೆಸರಾದ ಚಿತ್ರಗಳು ಇಂಥ ಕೈಗೆಲಸದ ಕಾಲದವು. ಜನಜೀವನವಾಗಲಿ, ಕಾಡುಪ್ರಾಣಿಯಾಗಲಿ, ಫೋಕಸ್ ಬೆರಳಿನಲ್ಲೇ ಇತ್ತು. ಆಟೋಫೋಕಸ್ ಮಾರುಕಟ್ಟೆಯನ್ನು ಹಿಡಿದದ್ದು 1985ರ ಮಿನೋಲ್ಟಾ 7000 ಬಂದ ಮೇಲೆ. ಎರಡು ವರ್ಷದ ನಂತರ, 1987ರಲ್ಲಿ, ಕ್ಯಾನನ್ ತನ್ನ ಹಳೆ ಎಫ್‌ಡಿ ಮೌಂಟನ್ನೇ ಕೈಬಿಟ್ಟು ಹೊಸ ಇಎಫ್ ಮೌಂಟ್ ತಂದಿತು. ಹಳೆ ಲೆನ್ಸು ಕೊಂಡಿದ್ದವರು ರಾತ್ರೋರಾತ್ರಿ ಅನಾಥರಾದರು. ನಿಕಾನ್ ಮಾತ್ರ 1959ರ ಎಫ್ ಮೌಂಟನ್ನು ಸಣ್ಣಪುಟ್ಟ ಬದಲಾವಣೆಯೊಂದಿಗೆ ಡಿಜಿಟಲ್ ಕಾಲದವರೆಗೂ ಎಳೆದು ತಂದಿತು.

ಒಂದು ಮಿಲಿಮೀಟರಿನ ಲೆಕ್ಕ

ಹಾಗಾದರೆ ಅನಾಥವಾದ ಲೆನ್ಸುಗಳು ಮತ್ತೆ ಬದುಕಿದ್ದು ಹೇಗೆ? ಉತ್ತರ ಒಂದು ಅಳತೆಯಲ್ಲಿದೆ. ಲೆನ್ಸು ಕೂರುವ ಲೋಹದ ಬಳೆಯಿಂದ ಒಳಗಿನ ರೀಲು ಅಥವಾ ಸೆನ್ಸರ್‌ವರೆಗಿನ ದೂರ ಪ್ರತಿ ಕಂಪನಿಗೂ ನಿಗದಿ. ಎಂ42ಗೆ ಅದು 45.46 ಮಿ.ಮೀ., ನಿಕಾನ್ ಎಫ್‌ಗೆ 46.5, ಕ್ಯಾನನ್ ಇಎಫ್‌ಗೆ 44, ಕ್ಯಾನನ್‌ನ ಹಳೆ ಎಫ್‌ಡಿಗೆ 42. ಲೆನ್ಸನ್ನು ಆ ದೂರಕ್ಕೆ ಸರಿಯಾಗಿ ಕೂರಿಸಿದರೆ ಮಾತ್ರ ದೂರದ ಗುಡ್ಡ ಸ್ಪಷ್ಟವಾಗಿ ಬೀಳುತ್ತದೆ.

ಎಂ42 ಲೆನ್ಸನ್ನು ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹಾಕಬೇಕೆಂದರೆ 45.46ರಲ್ಲಿ 44 ಕಳೆಯಿರಿ. ಉಳಿದ 1.46 ಮಿ.ಮೀ. ದಪ್ಪದ ಒಂದು ಬಳೆ ಸಾಕು. ಅದೇ ಲೆನ್ಸನ್ನು ನಿಕಾನ್‌ಗೆ ಹಾಕಲು ಹೋದರೆ ಲೆಕ್ಕ ಸುಮಾರು 1 ಮಿ.ಮೀ. ಉಲ್ಟಾ ಆಗುತ್ತದೆ. ಹತ್ತಿರದ್ದು ಬರುತ್ತದೆ, ದೂರದ್ದು ಮಸುಕು. ನಡುವೆ ಗಾಜು ಇರುವ ಅಡಾಪ್ಟರ್ ಹಾಕಿದರೆ ದೂರದ್ದೂ ಬರುತ್ತದೆ, ಆದರೆ ಆ ಅಗ್ಗದ ಗಾಜು ಲೆನ್ಸಿನ ಗುಣವನ್ನು ತಿಂದುಹಾಕುತ್ತದೆ.

ಬಾಗಿಲು ಪೂರ್ತಿ ತೆರೆದದ್ದು ಮಿರರ್‌ಲೆಸ್ ಕ್ಯಾಮೆರಾಗಳು. ಒಳಗಿನ ಕನ್ನಡಿಯನ್ನೇ ತೆಗೆದುಹಾಕಿದ್ದರಿಂದ ಈ ದೂರ ಅರ್ಧಕ್ಕೂ ಕೆಳಗೆ ಇಳಿಯಿತು. 2008ರ ಪ್ಯಾನಸೋನಿಕ್ ಜಿ1ರಲ್ಲಿ 19.25 ಮಿ.ಮೀ., 2010ರಲ್ಲಿ ಬಂದ ಸೋನಿ ಇ ಮೌಂಟ್‌ನಲ್ಲಿ 18, 2018ರ ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16. ಈಗ ಯಾವ ಹಳೆ ಎಸ್‌ಎಲ್‌ಆರ್ ಲೆನ್ಸಿಗೂ ನಡುವೆ ಖಾಲಿ ಕೊಳವೆಯೊಂದನ್ನು ಇಟ್ಟರೆ ಆಯಿತು. ಕ್ಯಾಮೆರಾ ಕಂಪನಿಗಳು ಹೊಸ ಲೆನ್ಸು ಮಾರಲು ಮಾಡಿದ ಬದಲಾವಣೆ ಹಳೆ ಲೆನ್ಸುಗಳಿಗೆ ದಾರಿ ಮಾಡಿಕೊಟ್ಟಿತು. ಜತೆಗೆ ಪರದೆಯ ಮೇಲೆ ಚಿತ್ರವನ್ನು ಹಲವು ಪಟ್ಟು ಹಿಗ್ಗಿಸಿ ನೋಡುವ, ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯಗಳೂ ಬಂದವು. ರೀಲಿನ ಕಾಲದ ಚಿಕ್ಕ ಕಿಟಕಿಯಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರಿಗಿಂತ ಇಂದು ಕೈಯಿಂದ ಫೋಕಸ್ ಮಾಡುವುದು ಹೆಚ್ಚು ಕರಾರುವಾಕ್ಕು.

ನಿಕಾನ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. 1977ರಲ್ಲಿ ನಿಕಾನ್ ತನ್ನ ಲೆನ್ಸುಗಳ ಉಂಗುರಕ್ಕೆ 'ಎಐ' ಎಂಬ ತಿದ್ದುಪಡಿ ತಂದಿತು. ಅದಕ್ಕೂ ಹಿಂದಿನ, ತಿದ್ದದ ಲೆನ್ಸುಗಳನ್ನು ಡಿ7000 ಸಾಲಿನ ಕ್ಯಾಮೆರಾಗಳಿಗೆ ಒತ್ತಿ ಕೂರಿಸಿದರೆ ಬಾಡಿಯ ಅಂಚಿನ ಸಣ್ಣ ಕೊಕ್ಕೆ ಮುರಿಯಬಹುದು. ಅಗ್ಗದ ಡಿ3000, ಡಿ5000 ಸಾಲಿನವುಗಳಲ್ಲಿ ಆ ಕೊಕ್ಕೆ ಇಲ್ಲ, ಲೆನ್ಸು ಕೂರುತ್ತದೆ. ಆದರೆ ಬೆಳಕಿನ ಅಳತೆ ಕ್ಯಾಮೆರಾ ಹೇಳುವುದಿಲ್ಲ, ನೀವೇ ತೆಗೆದು ನೋಡಿ ಹೊಂದಿಸಬೇಕು.

ಅಕ್ಷರಕ್ಕಾಗಿ ಹುಟ್ಟಿದ ಲೆನ್ಸು

ಹಳೆ ಲೆನ್ಸುಗಳ ಸಾಲಿನಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಲ್ಲುವುದು ಒಂದಿದೆ. ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುವ ಕೆಲಸ ಜಪಾನಿನಲ್ಲಿ ನಡೆದಾಗ ಒಂದು ತೊಡಕು ಎದುರಾಯಿತು. ರೋಮನ್ ಅಕ್ಷರಗಳಿಗೆ ಸಾಕಾಗುತ್ತಿದ್ದ ಲೆನ್ಸುಗಳಲ್ಲಿ ಕಾಂಜಿ ಲಿಪಿಯ ಒತ್ತೊತ್ತಾದ ಗೆರೆಗಳು ಕಲಸಿಹೋಗುತ್ತಿದ್ದವು. ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಒತ್ತಾಯದ ಮೇಲೆ ನಿಕಾನ್ 1956ರಲ್ಲಿ ಮೈಕ್ರೋ-ನಿಕ್ಕೋರ್ ಎಂಬ ಲೆನ್ಸು ತಯಾರಿಸಿತು. 1961ರಲ್ಲಿ ಅದರ 55 ಎಂಎಂ ಎಫ್/3.5 ರೂಪ ಎಫ್ ಮೌಂಟಿಗೆ ಬಂತು. ನಂತರದ ಮಾದರಿಗಳು ವಸ್ತುವಿನ ಅರ್ಧ ಗಾತ್ರದವರೆಗೆ ಹತ್ತಿರ ಹೋಗುತ್ತವೆ, ಜತೆಗೊಂದು ಉಂಗುರ ಸೇರಿಸಿದರೆ ಪೂರ್ತಿ ಗಾತ್ರ. ಚಪ್ಪಟೆ ಪುಟದ ನಾಲ್ಕು ಮೂಲೆಯೂ ಒಂದೇ ಸಮ ಸ್ಪಷ್ಟವಾಗಿ ಬರಬೇಕು, ಗೆರೆ ಬಾಗಬಾರದು ಎಂಬುದೇ ಅದರ ಹುಟ್ಟಿನ ಷರತ್ತು. ಶಾಸನದ ಚಿತ್ರಕ್ಕೂ ಬೇಕಾಗಿರುವುದು ಅದೇ ಷರತ್ತು. ಇವು ಇಂದು ಹೊಸ ಮ್ಯಾಕ್ರೋ ಲೆನ್ಸಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಅವು ಇಲ್ಲದಿದ್ದರೆ ಯಾವುದೇ ಹಳೆಯ 50 ಎಂಎಂ ಲೆನ್ಸನ್ನು ಎಫ್/8ಕ್ಕೆ ಇಳಿಸಿದರೂ ವೀರಗಲ್ಲಿನ ಅಳತೆಯ ಕಲ್ಲಿಗೆ ಧಾರಾಳ ಸಾಕು.

ಕಲ್ಲು ಓಡುವುದಿಲ್ಲ, ಹಾಗಾಗಿ ಆಟೋಫೋಕಸ್ ಬೇಡ. ಕಲ್ಲಿನ ಚಿತ್ರದಲ್ಲಿ ಲೆನ್ಸಿಗಿಂತ ಮುಖ್ಯ ಬೆಳಕು. ನೆತ್ತಿಯ ಮೇಲಿನ ಬಿಸಿಲಲ್ಲಿ, ಕ್ಯಾಮೆರಾದ ಫ್ಲ್ಯಾಶಿನಲ್ಲಿ ಅಕ್ಷರ ಸತ್ತುಹೋಗುತ್ತದೆ. ಬೆಳಗ್ಗೆ ಅಥವಾ ಸಂಜೆ ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಬಂದಾಗ ಪ್ರತಿ ಗೀರಿನೊಳಗೂ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ನೆರಳಿನಲ್ಲಿರುವ ಕಲ್ಲಿಗೆ ಒಂದು ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಬಹುದು, ಟಾರ್ಚನ್ನೂ ಹಿಡಿಯಬಹುದು. ಕ್ಯಾಮೆರಾ ಅಲುಗಿಸದೆ ಬೆಳಕನ್ನು ಮಾತ್ರ ಬೇರೆ ಬೇರೆ ದಿಕ್ಕಿನಿಂದ ಬಿಟ್ಟು ಹಲವು ಚಿತ್ರ ತೆಗೆದರೆ, ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ಇಲ್ಲಿ ಕೈ ಲೆನ್ಸಿನದೇ ಮೇಲುಗೈ: ಒಮ್ಮೆ ಇಟ್ಟ ಫೋಕಸ್, ಅಪರ್ಚರ್ ಕೊನೆಯವರೆಗೂ ತಾನಾಗಿ ಕದಲುವುದಿಲ್ಲ.

ಸೀಮೆಸುಣ್ಣ ಬಳಿಯುವುದು, ಎಣ್ಣೆ ಸವರುವುದು, ಕಬ್ಬಿಣದ ಬ್ರಷ್ಷಿನಿಂದ ಉಜ್ಜುವುದು ಎಂದಿಗೂ ಬೇಡ. ಮಸ್ಕಿಯ ಶಾಸನದಂಥ ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡುವ ಮೊದಲು ಪುರಾತತ್ವ ಇಲಾಖೆಯ ಅನುಮತಿ ಕೇಳಬೇಕು.

ಹಳೆ ಗಾಜಿಗೆ ಅದರದೇ ಕಾಯಿಲೆಗಳಿವೆ. ಕರಾವಳಿ, ಮಲೆನಾಡಿನಲ್ಲಿ ಅದನ್ನು ಬೂಷ್ಟು ತಿನ್ನುತ್ತದೆ. ನಮ್ಮ ಒಣ ಸೀಮೆಯಲ್ಲಿ ಆ ಕಾಟ ಕಡಿಮೆ, ಆದರೆ ಬೇಸಿಗೆಯ ಕಾವಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ ಅಂಟುತ್ತದೆ, ಎರೆಮಣ್ಣಿನ ಧೂಳು ಫೋಕಸ್ ಉಂಗುರದೊಳಗೆ ಸೇರಿ ಕರಕರ ಎನ್ನುತ್ತದೆ. ಕೆಲವು ಸೂಪರ್ ಟಾಕುಮಾರ್ ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಇದೆ. ವರ್ಷಗಳು ಕಳೆದಂತೆ ಅದು ಹಳದಿಗಟ್ಟುತ್ತದೆ, ಬಿಸಿಲಿಗೆ ಕೆಲವು ದಿನ ಇಟ್ಟರೆ ತಿಳಿಯಾಗುತ್ತದೆ. ಕೊಳ್ಳುವ ಮುಂಚೆ ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ನೋಡಬೇಕು, ಉಂಗುರಗಳನ್ನು ತಿರುಗಿಸಿ ನೋಡಬೇಕು. ಕಬಡ್ಡಿ ಪಂದ್ಯ, ಪ್ರತಿಭಟನೆ, ಓಡುವ ಮಗುವಿಗೆ ಹೊಸ ಲೆನ್ಸೇ ಬೇಕು. ಅಲ್ಲಿ ಹಳೆಯದನ್ನು ಹೊಗಳುವುದರಲ್ಲಿ ಅರ್ಥವಿಲ್ಲ.

ನಮ್ಮ ಪಾಲಿನ ಕೆಲಸ

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು 1886ರಿಂದ ಬರತೊಡಗಿದವು. ಅವು ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ತಾಲೂಕುವಾರು ದಾಖಲಿಸಿದವು. ರಾಯಚೂರು ಆಗ ನಿಜಾಮನ ರಾಜ್ಯದಲ್ಲಿತ್ತು, ಆ ಸಂಪುಟಗಳೊಳಗೆ ಬರಲಿಲ್ಲ. ಹೈದರಾಬಾದಿನ ಪುರಾತತ್ವ ಇಲಾಖೆ ಹುಟ್ಟಿದ್ದೇ 1914ರಲ್ಲಿ. ಅಂದರೆ ಮೈಸೂರಿನವರು ಎಣಿಸಿ ಮುಗಿಸುತ್ತ ಬಂದಾಗ ನಮ್ಮ ಕಡೆ ಇನ್ನೂ ಶುರುವಾಗಿರಲಿಲ್ಲ. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ಮಾಡಿದರು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದ ನವಶಿಲಾಯುಗದ ನೆಲೆಯ ಬಗ್ಗೆ ಎಫ್.ಆರ್. ಆಲ್ಚಿನ್ ಅವರ ವರದಿ 1960ರಲ್ಲಿ ಬಂತು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದು ದೊಡ್ಡ ಕೊರತೆ ನೀಗಿತು. ಆದರೆ ಪಾಠ ಅಚ್ಚಾಗುವುದು ಬೇರೆ, ಕಲ್ಲಿನ ಇಂದಿನ ಸ್ಥಿತಿಯ ಒಳ್ಳೆಯ ಚಿತ್ರ ಇರುವುದು ಬೇರೆ. ಪಾಠದಲ್ಲಿ ಅನುಮಾನ ಬಂದಾಗ ಮರಳಿ ನೋಡಲು ಕಲ್ಲು ಬೇಕು, ಕಲ್ಲು ಇಲ್ಲದಿದ್ದರೆ ಅದರ ಚಿತ್ರವಾದರೂ ಬೇಕು.

ಕಲ್ಲುಗಳು ಹೋಗುವ ದಾರಿ ನಮಗೆಲ್ಲ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರಿನ ಹೊಲಗಳು ಗದ್ದೆಗಳಾದವು, ನೆಲ ಮಟ್ಟ ಮಾಡುವಾಗ ಅಡ್ಡ ಬಂದದ್ದು ಬದುವಿಗೆ ಹೋಯಿತು. ಗುಡಿ ಜೀರ್ಣೋದ್ಧಾರವಾದಾಗ ಹಳೆ ಕಲ್ಲು ಹೊರಗೆ, ಗ್ರಾನೈಟ್ ಒಳಗೆ. ವೀರಗಲ್ಲಿಗೆ ಭಕ್ತಿಯಿಂದಲೇ ಬಣ್ಣ ಬಳಿಯುತ್ತಾರೆ, ವರ್ಷಕ್ಕೊಮ್ಮೆ, ಒಂದರ ಮೇಲೊಂದು. ಇದರಲ್ಲಿ ಯಾರನ್ನೂ ದೂರಿ ಪ್ರಯೋಜನವಿಲ್ಲ. ಊರವರಿಗೆ ಅದು ಪೂಜೆಯ ಕಲ್ಲು, ಹೊಲದವನಿಗೆ ನೇಗಿಲಿಗೆ ಅಡ್ಡ ಬರುವ ಕಲ್ಲು.

ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಭಾಗದ ಶಾಸನಗಳನ್ನು ತ್ರೀಡಿ ಸ್ಕ್ಯಾನರಿನಿಂದ ದಾಖಲಿಸುತ್ತಿದೆ. ಸವೆದ ಅಕ್ಷರವೂ ಅದರಲ್ಲಿ ಓದಲು ಬರುತ್ತದೆ. ಅಂಥ ಯಂತ್ರ ತಾಲೂಕಿನ ಕೈಗೆ ಬರುವವರೆಗೆ ಕಲ್ಲುಗಳು ಕಾಯುವುದಿಲ್ಲ. ಕಾಲೇಜಿನಿಂದ ಹೊರಬಿದ್ದು ತಾಲೂಕು ವರದಿಗಾರರಾದ ನಮ್ಮಂಥವರಲ್ಲಿ ಅನೇಕರ ಹತ್ತಿರ ಎರಡನೇ ಕೈಯ ಕ್ಯಾಮೆರಾ ಒಂದಿರುತ್ತದೆ. ಊರಿನ ಯಾವುದೋ ಸ್ಟುಡಿಯೋದ ಕಪಾಟಿನಲ್ಲಿ ಹಳೆ ಲೆನ್ಸು ಒಂದಿರುತ್ತದೆ. ನಡುವೆ ಬೇಕಾದದ್ದು ಒಂದು ಬಳೆ. ಲೆನ್ಸು ಕೇಳಲು ಹೋದಾಗ ಆ ಸ್ಟುಡಿಯೋದ ಹಿರಿಯರ ಹತ್ತಿರ ಅರ್ಧ ಗಂಟೆ ಕೂತರೆ ಇನ್ನೂ ಒಳ್ಳೆಯದು. ಅವರ ಕತ್ತಲೆ ಕೋಣೆಯ ನೆಗೆಟಿವ್ ಡಬ್ಬಿಗಳಲ್ಲಿ ತಾಲೂಕಿನ 40-50 ವರ್ಷದ ಮುಖಗಳು, ಜಾತ್ರೆಗಳು, ಬೀದಿಗಳು ಇವೆ. ಅವುಗಳನ್ನೂ ಯಾರೂ ಎಣಿಸಿಲ್ಲ.

ಚಿತ್ರ ತೆಗೆದ ಮೇಲೆ ಕೆಲವು ಮಾತು ಬರೆದಿಡಿ: ಊರು, ಕಲ್ಲು ಇರುವ ಜಾಗ, ಅದು ಮುಖ ಮಾಡಿದ ದಿಕ್ಕು, ತಾರೀಖು, ಪಕ್ಕದಲ್ಲಿಟ್ಟ ಅಳತೆ ಪಟ್ಟಿಯ ಉದ್ದ. ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ, ಇನ್ನೊಂದನ್ನು ವಿಶ್ವವಿದ್ಯಾಲಯದ ಶಾಸನ ವಿಭಾಗಕ್ಕೆ ಕಳಿಸಿ. ಓದುವ ಕೆಲಸ ಬಲ್ಲವರದು, ಕಲ್ಲನ್ನು ಅವರ ಕಣ್ಣೆದುರು ಇಡುವುದಷ್ಟೇ ನಮ್ಮದು. ಮಸ್ಕಿಯ ಬೀಡನ್‌ಗೂ ಬ್ರಾಹ್ಮಿ ಓದುವುದು ಕೃಷ್ಣಶಾಸ್ತ್ರಿಗಳ ಕೆಲಸವಾಗಿಯೇ ಉಳಿಯಿತು. ಅವನು ಕಂಡದ್ದನ್ನು ಕಂಡಲ್ಲೇ ಬಿಡಲಿಲ್ಲ, ಅಷ್ಟೆ.